ಅಮೀರ್‌ಪೇಟೆಯ ಎಕ್ಸೆಲ್ ತರಬೇತಿ

ಹೈದರಾಬಾದಿನ ಅಮೀರ್‌ಪೇಟೆ, ಅದರಲ್ಲೂ ಮೈತ್ರಿವನಂ ಆಸುಪಾಸಿನ ಗಲ್ಲಿಗಳು, ಕಂಪ್ಯೂಟರ್ ತರಬೇತಿಗೆ ದೇಶದಲ್ಲೇ ಹೆಸರಾದವು. ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಬೆಂಗಳೂರಿಗಿಂತ ಹತ್ತಿರದ ಊರಿದು. ಮೈಕ್ರೋಸಾಫ್ಟ್ 1985ರಲ್ಲಿ ಹೊರತಂದ ಎಕ್ಸೆಲ್‌ನ ಪಾಠ ಮೊತ್ತ, ಶೇಕಡಾವಾರು, ವಿಂಗಡಣೆಯಿಂದ ಶುರುವಾಗಿ ಪಿವೋಟ್ ಟೇಬಲ್, ಮ್ಯಾಕ್ರೋಗಳವರೆಗೆ ಸಾಗುತ್ತದೆ.

ಕಲಿಯುವವರು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದದ್ದು ವಿಲುಕಪ್ ಸೂತ್ರದಲ್ಲಿ. ನೌಕರರ ಸಂಖ್ಯೆ ಹಿಡಿದು ಇನ್ನೊಂದು ಹಾಳೆಯಿಂದ ಸಂಬಳ ತರುವಾಗ ಸೂತ್ರದ ಕೊನೆಗೆ ‘ಫಾಲ್ಸ್’ ಎಂದು ಬರೆಯದೆ ಬಿಟ್ಟರೆ ಅದು ಅಂದಾಜು ಹೊಂದಿಕೆ ಹುಡುಕುತ್ತದೆ. ಪಟ್ಟಿ ಏರಿಕೆ ಕ್ರಮದಲ್ಲಿ ಇಲ್ಲದಿದ್ದರೆ ಬೇರೊಬ್ಬರ ಸಂಬಳ ಬಂದು ಕೂರಬಹುದು, ದೋಷದ ಸೂಚನೆಯೂ ಕಾಣಿಸುವುದಿಲ್ಲ. ಉತ್ತರವನ್ನು ಕೈಲೆಕ್ಕದಿಂದ ತಾಳೆ ನೋಡುವ ಅಭ್ಯಾಸವನ್ನು ಮೊದಲ ವಾರದಲ್ಲೇ ಹಚ್ಚುವ ಗುರುವೇ ಒಳ್ಳೆಯ ಗುರು. ಹೊಸ ಆವೃತ್ತಿಗಳ ಎಕ್ಸ್‌ಲುಕಪ್ ತಾನಾಗಿಯೇ ನಿಖರ ಹೊಂದಿಕೆಯನ್ನು ಹುಡುಕುತ್ತದೆ.