ಸ್ಟ್ರಾಡಿವರಿ ಪಿಟೀಲು: ಬೆಲೆ ನಾದಕ್ಕೋ, ಹೆಸರಿಗೋ?

2011ರ ಜೂನ್ ತಿಂಗಳಿನಲ್ಲಿ ಒಂದು ಪಿಟೀಲು 1.59 ಕೋಟಿ ಡಾಲರಿಗೆ ಹರಾಜಾಯಿತು. ಆಗಿನ ಲೆಕ್ಕದಲ್ಲಿ ಅದು ಸುಮಾರು 70 ಕೋಟಿ ರೂಪಾಯಿ. ಇಟಲಿ ದೇಶದ ಕ್ರೆಮೋನಾ ಎಂಬ ಪಟ್ಟಣದಲ್ಲಿ ಅಂತೋನಿಯೊ ಸ್ಟ್ರಾಡಿವರಿ ಎಂಬ ಕುಶಲಕರ್ಮಿ 1721ರಲ್ಲಿ ಮಾಡಿದ ವಾದ್ಯ ಅದು. ಇಂಗ್ಲಿಷ್ ಕವಿ ಬೈರನ್ನನ ಮೊಮ್ಮಗಳು ಲೇಡಿ ಆ್ಯನ್ ಬ್ಲಂಟ್ ಒಂದು ಕಾಲದಲ್ಲಿ ಅದರ ಒಡತಿಯಾಗಿದ್ದಳು. ಹಾಗಾಗಿ ಅದಕ್ಕೆ ‘ಲೇಡಿ ಬ್ಲಂಟ್’ ಎಂದೇ ಹೆಸರು. ಮಾರಿದ್ದು ಜಪಾನಿನ ಒಂದು ಪ್ರತಿಷ್ಠಾನ. ಬಂದ ಹಣವೆಲ್ಲ ಆ ವರ್ಷ ಜಪಾನಿನಲ್ಲಿ ಸಂಭವಿಸಿದ ಭೂಕಂಪ ಮತ್ತು ಸುನಾಮಿಯ ಪರಿಹಾರ ಕಾರ್ಯಕ್ಕೆ ಹೋಯಿತು.

ಇದೇ ಪಿಟೀಲು 1971ರಲ್ಲಿ ಲಂಡನ್ನಿನ ಹರಾಜಿನಲ್ಲಿ 84,000 ಪೌಂಡಿಗೆ ಹೋಗಿತ್ತು. ನಲವತ್ತು ವರ್ಷಗಳಲ್ಲಿ ಬೆಲೆ ಗಗನಕ್ಕೇರಿತು. ಆದರೆ ಅದೇ ಮರ, ಅದೇ ನಾದ. ಹಾಗಾದರೆ ಜನ ಕೊಟ್ಟ ಹಣ ಯಾವುದಕ್ಕೆ? ಈ ಹಳೆಯ ಪಿಟೀಲುಗಳಲ್ಲಿ ನಿಜವಾಗಿಯೂ ಯಾರಿಗೂ ದಕ್ಕದ ಗುಟ್ಟೊಂದಿದೆಯೇ? ಅಥವಾ ಹೆಸರೇ ಬೆಲೆಯನ್ನು ಹೊತ್ತುಕೊಂಡು ನಡೆಯುತ್ತಿದೆಯೇ? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಚರಿತ್ರೆಯನ್ನೂ ಸ್ವಲ್ಪ ವಿಜ್ಞಾನವನ್ನೂ ನೋಡಬೇಕಾಗುತ್ತದೆ.

ಪಿಟೀಲಿಗೆ ಇಂದಿನ ರೂಪ ಬಂದದ್ದು 16ನೇ ಶತಮಾನದಲ್ಲಿ. ಅದಕ್ಕೆ ಖಚಿತವಾದ ಅಚ್ಚುಕಟ್ಟು ತಂದವರಲ್ಲಿ ಮೊದಲಿಗನೆಂದು ಕ್ರೆಮೋನಾದ ಆಂದ್ರೆಯಾ ಅಮಾತಿಯನ್ನು ಹೇಳುತ್ತಾರೆ. ಅವನ ಮನೆತನದವರು ಈ ವಿದ್ಯೆಯನ್ನು ತಲೆಮಾರುಗಳ ಕಾಲ ತಮ್ಮ ಮನೆಯೊಳಗೇ ಉಳಿಸಿಕೊಂಡಿದ್ದರು. 1630ರಲ್ಲಿ ಉತ್ತರ ಇಟಲಿಗೆ ಪ್ಲೇಗ್ ಬಂತು. ಆ ಮಾರಿಗೆ ಮನೆಯ ಹಿರಿಯರು ಬಲಿಯಾದರು, ಮೊಮ್ಮಗ ನಿಕೊಲೊ ಅಮಾತಿ ಉಳಿದ. ಮುಂದೆ ಆತ ಹೊರಗಿನ ಹುಡುಗರನ್ನೂ ಕೆಲಸಕ್ಕೆ ಸೇರಿಸಿಕೊಂಡು ಕಲಿಸಿದ. ವಿದ್ಯೆ ಮನೆಯಿಂದ ಊರಿಗೆ ಹರಿಯಿತು.

ಸ್ಟ್ರಾಡಿವರಿ ಹುಟ್ಟಿದ್ದು ಸುಮಾರು 1644ರಲ್ಲಿ. 1666ರ ಒಂದು ಪಿಟೀಲಿನೊಳಗೆ ಅಂಟಿಸಿದ ಚೀಟಿಯಲ್ಲಿ ಆತ ತನ್ನನ್ನು ನಿಕೊಲೊ ಅಮಾತಿಯ ಶಿಷ್ಯನೆಂದು ಹೇಳಿಕೊಂಡಿದ್ದಾನೆ. 1737ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಆತ ಉಳಿ ಕೆಳಗಿಡಲಿಲ್ಲ. ಸುಮಾರು 1,100 ವಾದ್ಯಗಳನ್ನು ಮಾಡಿರಬೇಕೆಂದು ಅಂದಾಜು. ಅವುಗಳಲ್ಲಿ ಸುಮಾರು 650 ಇಂದಿಗೂ ಉಳಿದಿವೆ. 1700ರಿಂದ ಮುಂದಿನ ಇಪ್ಪತ್ತು ಇಪ್ಪತ್ತೈದು ವರ್ಷಗಳನ್ನು ಅವನ ಸುವರ್ಣ ಕಾಲವೆಂದು ಕರೆಯುತ್ತಾರೆ. ಅದೇ ಊರಿನಲ್ಲಿ, ಅವನಿಗಿಂತ ಬಹಳ ಚಿಕ್ಕವನಾದ ಜುಸೆಪ್ಪೆ ಗ್ವಾರ್ನೇರಿ ಇನ್ನೊಬ್ಬ ದೊಡ್ಡ ಕೆಲಸಗಾರ. ಪಗನೀನಿ ನುಡಿಸುತ್ತಿದ್ದ, ‘ಫಿರಂಗಿ’ ಎಂದು ಹೆಸರಾದ 1743ರ ಪಿಟೀಲು ಇವನ ಕೈಯದು. ಅದು ಈಗ ಜಿನೋವಾ ನಗರದ ಸ್ವತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 18ನೇ ಶತಮಾನದಲ್ಲಿ ಯುರೋಪಿನ ಅನೇಕ ಕಡೆ ಸ್ಟ್ರಾಡಿವರಿಗಿಂತ ಹೆಚ್ಚು ಬೆಲೆ ಬಾಳುತ್ತಿದ್ದುದು ಟೈರೋಲ್ ಪ್ರಾಂತ್ಯದ ಯಾಕೋಬ್ ಸ್ಟೈನರ್ ಎಂಬಾತನ ಪಿಟೀಲುಗಳು. ಅವುಗಳ ಹೊಟ್ಟೆ ಮತ್ತು ಬೆನ್ನಿನ ಹಲಗೆಗಳು ಹೆಚ್ಚು ಉಬ್ಬಿದ್ದವು, ನಾದ ಸಿಹಿ. ಅರಮನೆಯ ಕೋಣೆಯಲ್ಲಿ ಇಪ್ಪತ್ತು ಮೂವತ್ತು ಜನರ ಮುಂದೆ ನುಡಿಸಲು ಅದು ಹೇಳಿ ಮಾಡಿಸಿದಂತಿತ್ತು. ಆಮೇಲೆ ಕಾಲ ಬದಲಾಯಿತು. ಟಿಕೆಟ್ ಕೊಂಡು ನೂರಾರು ಜನ ಬಂದು ಕೂರುವ ದೊಡ್ಡ ಸಭಾಂಗಣಗಳು ಬಂದವು. ಕೊನೆಯ ಸಾಲಿಗೂ ಕೇಳುವಂಥ ನಾದ ಬೇಕಾಯಿತು. ಸ್ಟ್ರಾಡಿವರಿ ಹಲಗೆಯ ಉಬ್ಬನ್ನು ತಗ್ಗಿಸಿದ್ದ, ಆ ಪಿಟೀಲುಗಳಿಗೆ ದೂರ ಮುಟ್ಟುವ ಶಕ್ತಿ ಹೆಚ್ಚು. 1782ರಲ್ಲಿ ಪ್ಯಾರಿಸ್ಸಿಗೆ ಬಂದ ಇಟಲಿಯ ವಾದಕ ವಿಯೊತ್ತಿ ಸ್ಟ್ರಾಡಿವರಿ ಪಿಟೀಲಿನಲ್ಲಿ ನುಡಿಸಿ ಕೇಳುಗರನ್ನು ಬೆರಗುಗೊಳಿಸಿದ. ಅಲ್ಲಿಂದ ಸ್ಟೈನರ್ ಹಿಂದೆ ಸರಿದ, ಸ್ಟ್ರಾಡಿವರಿ ಮುಂದೆ ಬಂದ. ಅಂದರೆ ಈ ಕೀರ್ತಿ ಆತ ಬದುಕಿದ್ದಾಗಲೇ ಶಾಶ್ವತವಾಗಿ ಸ್ಥಾಪನೆಯಾದದ್ದಲ್ಲ. ಕಾಲದ ಅಗತ್ಯ ಬದಲಾದಾಗ ಅದು ಬೆಳೆದು ದೊಡ್ಡದಾಯಿತು.

ಅಷ್ಟೇ ಅಲ್ಲ, ದೊಡ್ಡ ಸಭಾಂಗಣಗಳಿಗೆ ಹೊಂದಿಸಲು ಈ ಹಳೆಯ ಪಿಟೀಲುಗಳನ್ನು ಬಿಚ್ಚಿ ಬದಲಾಯಿಸಿದರು. ಕತ್ತನ್ನು ಉದ್ದ ಮಾಡಿ ಹಿಂದಕ್ಕೆ ಬಾಗಿಸಿದರು. ಒಳಗೆ ಆಧಾರವಾಗಿ ಅಂಟಿಸುವ ಮರದ ಪಟ್ಟಿಯನ್ನು ದಪ್ಪ ಮಾಡಿದರು. ಕುದುರೆಯನ್ನು ಎತ್ತರಿಸಿದರು. ಕರುಳಿನ ತಂತಿಗಳ ಜಾಗಕ್ಕೆ ಕಾಲಕ್ರಮದಲ್ಲಿ ಲೋಹದ ಮತ್ತು ಲೋಹ ಸುತ್ತಿದ ತಂತಿಗಳು ಬಂದವು. ಇಂದು ಕಛೇರಿಗಳಲ್ಲಿ ಕೇಳುವ ಹೆಚ್ಚುಕಡಿಮೆ ಎಲ್ಲ ಸ್ಟ್ರಾಡಿವರಿಗಳೂ ಹೀಗೆ ತಿದ್ದಿದವು. ಅವುಗಳನ್ನು ಮಾಡಿದಾತ ತನ್ನ ಅಂಗಡಿಯಲ್ಲಿ ಕೇಳಿದ ನಾದ ಇದಲ್ಲ.

ಹೆಸರು ಬೆಳೆಯಲು ವ್ಯಾಪಾರಿಗಳೂ ಕಾರಣರು. ಕೋಜಿಯೊ ಎಂಬ ಇಟಲಿಯ ಜಮೀನುದಾರ 1775ರ ಸುಮಾರಿಗೆ ಸ್ಟ್ರಾಡಿವರಿಯ ಮಗನಿಂದ ಉಳಿದ ವಾದ್ಯಗಳನ್ನೂ ಉಪಕರಣಗಳನ್ನೂ ಕೊಂಡ. ಅವನ ಬಳಿಯಿದ್ದ ‘ಮೆಸ್ಸಾಯ’ ಎಂಬ 1716ರ ಪಿಟೀಲು ಲುಯಿಜಿ ತಾರಿಸಿಯೊ ಎಂಬ ವ್ಯಾಪಾರಿಯ ಕೈಸೇರಿತು. ತಾರಿಸಿಯೊ ಇಟಲಿಯ ಊರೂರು ಅಲೆದು ಹಳೆಯ ಪಿಟೀಲುಗಳನ್ನು ಹುಡುಕಿ ಪ್ಯಾರಿಸ್ಸಿಗೆ ಒಯ್ದು ಮಾರುತ್ತಿದ್ದ. 1854ರಲ್ಲಿ ಆತ ಸತ್ತಾಗ ನೂರಕ್ಕೂ ಹೆಚ್ಚು ವಾದ್ಯಗಳು ಉಳಿದಿದ್ದವು. ಪ್ಯಾರಿಸ್ಸಿನ ತಯಾರಕ ವಿಯೋಮ್ ಅವನ್ನೆಲ್ಲ ಕೊಂಡ. ಮೆಸ್ಸಾಯ ಈಗ ಆಕ್ಸ್‌ಫರ್ಡಿನ ವಸ್ತುಸಂಗ್ರಹಾಲಯದಲ್ಲಿದೆ. ಅದು ಅಸಲಿಯೋ ನಕಲಿಯೋ ಎಂದು ದೊಡ್ಡ ವಾದವೇ ನಡೆಯಿತು. ಕೊನೆಗೆ ಅದರ ಮುಂಭಾಗದ ಹಲಗೆಯಲ್ಲಿರುವ ಮರದ ವಾರ್ಷಿಕ ಉಂಗುರಗಳನ್ನು ಎಣಿಸಿದಾಗ ಕೊನೆಯ ಉಂಗುರ 1687ರದೆಂದು ತಿಳಿಯಿತು. ಮರದ ಕಾಲ ಸ್ಟ್ರಾಡಿವರಿಯ ಕಾಲಕ್ಕೆ ಹೊಂದಿತು.

ಕೀರ್ತಿಯ ಹಿಂದೆಯೇ ನಕಲಿಯೂ ಬರುತ್ತದೆ. 19ನೇ ಶತಮಾನದಿಂದ ಜರ್ಮನಿ, ಫ್ರಾನ್ಸ್ ಮುಂತಾದ ಕಡೆ ಸಾವಿರಾರು ಅಗ್ಗದ ಪಿಟೀಲುಗಳೊಳಗೆ ಸ್ಟ್ರಾಡಿವರಿಯ ಹೆಸರಿನ ಚೀಟಿ ಅಂಟಿಸಿ ಮಾರಿದರು. ಅವು ಜಗತ್ತಿನ ಮೂಲೆಮೂಲೆಗೂ ಹೋದವು. ಆದ್ದರಿಂದ ಯಾರದಾದರೂ ಅಟ್ಟದ ಮೇಲಿನ ಹಳೆಯ ಪಿಟೀಲಿನಲ್ಲಿ ಈ ಹೆಸರು ಕಂಡರೆ ತಕ್ಷಣ ಕೋಟಿಯ ಕನಸು ಕಾಣಬೇಕಾಗಿಲ್ಲ.

ಇನ್ನು ಗುಟ್ಟಿನ ಮಾತು. ಪಿಟೀಲಿನ ಮುಂಭಾಗ ಸ್ಪ್ರೂಸ್ ಮರದ್ದು, ಹಿಂಭಾಗ ಮೇಪಲ್ ಮರದ್ದು. 1645ರಿಂದ 1715ರವರೆಗೆ ಸೂರ್ಯನ ಕಲೆಗಳು ಬಹಳ ಕಡಿಮೆಯಿದ್ದ ಕಾಲ. ಆಗಿನ ಚಳಿಯಲ್ಲಿ ಆಲ್ಪ್ಸ್ ಪರ್ವತದ ಮರಗಳು ನಿಧಾನವಾಗಿ, ಒತ್ತೊತ್ತಾಗಿ ಬೆಳೆದದ್ದೇ ನಾದಕ್ಕೆ ಕಾರಣವೆಂದು 2003ರಲ್ಲಿ ಇಬ್ಬರು ವಿಜ್ಞಾನಿಗಳು ಸೂಚಿಸಿದರು. ಆದರೆ ಅದೇ ಕಾಲದ ಅಂಥ ಮರವೇ ಬೇರೆ ತಯಾರಕರಿಗೂ ಸಿಗುತ್ತಿತ್ತಲ್ಲ! ಮರವನ್ನು ಖನಿಜಗಳಲ್ಲಿ ನೆನೆಸಿ ಹದಗೊಳಿಸಿದ್ದರೆಂದು ಅಮೆರಿಕದ ರಸಾಯನ ವಿಜ್ಞಾನಿ ಜೋಸೆಫ್ ನಾಗಿವರಿ ವಾದಿಸಿದರು. ಮರದಲ್ಲಿ ಅಂಥ ಲವಣಾಂಶಗಳು ಇರುವುದು ಮುಂದಿನ ಪರೀಕ್ಷೆಗಳಲ್ಲೂ ಕಂಡಿದೆ. ವಾರ್ನಿಷ್‌ನಲ್ಲೇ ಮಾಯೆ ಇದೆ ಎಂಬುದು ಬಹುಕಾಲದ ನಂಬಿಕೆ. 2009ರಲ್ಲಿ ಫ್ರಾನ್ಸಿನ ಸಂಶೋಧಕರು ಐದು ಸ್ಟ್ರಾಡಿವರಿ ವಾದ್ಯಗಳ ವಾರ್ನಿಷ್ ಪರೀಕ್ಷಿಸಿದಾಗ ಸಿಕ್ಕಿದ್ದು ಎಣ್ಣೆ, ಮರದ ರಾಳ ಮತ್ತು ಆ ಕಾಲದ ಚಿತ್ರಕಾರರೆಲ್ಲ ಬಳಸುತ್ತಿದ್ದ ಸಾಮಾನ್ಯ ಬಣ್ಣಗಳು.

ಆದರೆ ಗುಟ್ಟು ಯಾವುದೆಂದು ಹುಡುಕುವ ಮೊದಲು ಗುಟ್ಟಿನ ಫಲ ಕಿವಿಗೆ ಕೇಳುತ್ತದೆಯೇ ಎಂದು ನೋಡಬೇಡವೇ? ನಮ್ಮ ಎಸ್.ಎಸ್.ಎಲ್.ಸಿ. ಉತ್ತರ ಪತ್ರಿಕೆಯನ್ನು ನೆನಪಿಸಿಕೊಳ್ಳಿ. ತಿದ್ದುವ ಮೇಷ್ಟರಿಗೆ ಈ ಹುಡುಗ ಯಾರ ಮಗ, ಯಾವ ಶಾಲೆಯವನು ಎಂಬುದು ಗೊತ್ತಿರುವುದಿಲ್ಲ. ಬರೆದದ್ದಕ್ಕೆ ಮಾತ್ರ ಅಂಕ. ಪಿಟೀಲಿಗೂ ಅಂಥದೇ ಪರೀಕ್ಷೆಗಳು ನಡೆದಿವೆ.

1977ರಲ್ಲಿ ಬಿಬಿಸಿ ರೇಡಿಯೊ ಒಂದು ಪ್ರಯೋಗ ಮಾಡಿತು. ಪರದೆಯ ಹಿಂದೆ ನಾಲ್ಕು ಪಿಟೀಲು: ಒಂದು ಸ್ಟ್ರಾಡಿವರಿ, ಒಂದು ಗ್ವಾರ್ನೇರಿ, ಒಂದು ವಿಯೋಮ್, ಇನ್ನೊಂದು ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನಲ್ಲಿ ತಯಾರಾದದ್ದು. ಕೇಳಿದವರು ವಿಶ್ವವಿಖ್ಯಾತ ವಾದಕರಾದ ಐಸಾಕ್ ಸ್ಟರ್ನ್ ಮತ್ತು ಪಿಂಕಸ್ ಜುಕರ್‌ಮನ್, ಹಾಗೂ ಹಳೆಯ ಪಿಟೀಲುಗಳ ಪ್ರಸಿದ್ಧ ಪರಿಣತ ಚಾರ್ಲ್ಸ್ ಬೇರ್. ನಾಲ್ಕರಲ್ಲಿ ಎರಡಕ್ಕಿಂತ ಹೆಚ್ಚನ್ನು ಯಾರೂ ಸರಿಯಾಗಿ ಗುರುತಿಸಲಿಲ್ಲ. ಮೂವರಲ್ಲಿ ಇಬ್ಬರು ಹೊಸ ಪಿಟೀಲನ್ನೇ ಸ್ಟ್ರಾಡಿವರಿ ಎಂದರು.

2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲಾಡಿಯಾ ಫ್ರಿಟ್ಜ್ ಎಂಬ ಸಂಶೋಧಕಿ ಮತ್ತು ಪಿಟೀಲು ತಯಾರಕ ಜೋಸೆಫ್ ಕರ್ಟಿನ್ ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ ನಡೆಸಿದರು. 21 ವಾದಕರ ಕಣ್ಣಿಗೆ ಕಪ್ಪು ಕನ್ನಡಕ, ಕೋಣೆಯಲ್ಲಿ ಮಂದ ಬೆಳಕು. ಹಳೆಯ ಮರದ ವಾಸನೆಯೂ ಸುಳಿವು ಕೊಡಬಾರದೆಂದು ಗಲ್ಲ ಊರುವ ಜಾಗಕ್ಕೆ ಅತ್ತರು ಹಚ್ಚಿದ್ದರು. ಮೂರು ಹೊಸ ಪಿಟೀಲು, ಮೂರು ಹಳೆಯವು. ಹಳೆಯ ಮೂರರ ಒಟ್ಟು ಬೆಲೆ ಸುಮಾರು ಒಂದು ಕೋಟಿ ಡಾಲರ್, ಹೊಸ ಮೂರರ ಬೆಲೆಯ ನೂರು ಪಟ್ಟು. ಮನೆಗೆ ಒಯ್ಯಲು ಒಂದನ್ನು ಆರಿಸಿಕೊಳ್ಳಿ ಎಂದಾಗ 13 ಜನ ಹೊಸದನ್ನು ಆರಿಸಿದರು. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವರಿ.

ಹೋಟೆಲ್ ಕೋಣೆಯಲ್ಲಿ ಸ್ವಲ್ಪ ಹೊತ್ತು ನುಡಿಸಿ ತೀರ್ಪು ಕೊಡಲಾಗದು, ಇಂಥ ಪಿಟೀಲು ಅರಳುವುದು ಸಭಾಂಗಣದಲ್ಲಿ ಎಂದು ಅನೇಕರು ಆಕ್ಷೇಪಿಸಿದರು. ಆಕ್ಷೇಪಣೆ ನ್ಯಾಯವಾದದ್ದೇ. ಅದಕ್ಕಾಗಿ 2012ರಲ್ಲಿ ಪ್ಯಾರಿಸ್ಸಿನ ಬಳಿ ಹತ್ತು ಮಂದಿ ಖ್ಯಾತ ಏಕವಾದಕರಿಗೆ ಆರು ಹಳೆಯ, ಆರು ಹೊಸ ಪಿಟೀಲುಗಳನ್ನು ಕೊಟ್ಟು, ಕೋಣೆ ಮತ್ತು ಸಭಾಂಗಣ ಎರಡರಲ್ಲೂ ಸಾಕಷ್ಟು ಹೊತ್ತು ನುಡಿಸಲು ಬಿಟ್ಟರು. ಆರು ಮಂದಿ ಹೊಸದನ್ನೇ ಆರಿಸಿದರು. ಹಳೆಯದು ಯಾವುದು, ಹೊಸದು ಯಾವುದು ಎಂಬ ಅವರ ಊಹೆ ನಾಣ್ಯ ಚಿಮ್ಮಿ ಹೇಳಿದಷ್ಟೇ ಸರಿಯಾಗಿತ್ತು. ಪ್ಯಾರಿಸ್ ಮತ್ತು ನ್ಯೂಯಾರ್ಕ್ ಸಭಾಂಗಣಗಳಲ್ಲಿ ಕುಳಿತು ಕೇಳಿದವರ ಅಭಿಪ್ರಾಯವೂ 2017ರಲ್ಲಿ ಪ್ರಕಟವಾಯಿತು. ದೂರಕ್ಕೆ ಚೆನ್ನಾಗಿ ಮುಟ್ಟಿದ್ದು ಹೊಸ ಪಿಟೀಲುಗಳೇ.

ಹಾಗೆಂದು ಸ್ಟ್ರಾಡಿವರಿಯದು ಪೊಳ್ಳು ಕೀರ್ತಿಯೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಈ ಪರೀಕ್ಷೆಗಳು ಹೇಳುವುದು ಇಂದಿನ ಉತ್ತಮ ಪಿಟೀಲು ಅವನದಕ್ಕೆ ಸರಿಸಾಟಿ ಎಂದು ಮಾತ್ರ. ಮುನ್ನೂರು ವರ್ಷ ಹಳೆಯದಾದ, ಹಲವು ಸಲ ಬಿಚ್ಚಿ ಅಂಟಿಸಿದ ವಾದ್ಯ ಈ ಹೊತ್ತಿಗೂ ಶ್ರೇಷ್ಠವಾದುದರ ಸಾಲಿನಲ್ಲಿ ನಿಲ್ಲುವುದೇ ಸಣ್ಣ ಮಾತಲ್ಲ. ಅದಕ್ಕಿಂತ ಮುಖ್ಯವಾಗಿ, ಇಂದಿನ ತಯಾರಕರಲ್ಲಿ ಹೆಚ್ಚಿನವರು ಅನುಸರಿಸುವುದು ಅವನ ಅಥವಾ ಗ್ವಾರ್ನೇರಿಯ ಅಳತೆಯನ್ನೇ. ಹೊಸ ಪಿಟೀಲು ಗೆದ್ದಾಗ ಶಿಷ್ಯ ಗೆದ್ದಂತೆ. ಗುರುವಿಗೆ ಅದರಲ್ಲಿ ಸೋಲೇನಿದೆ? ಅವನ ಅಚ್ಚುಗಳೂ ಉಪಕರಣಗಳೂ ಇಂದು ಕ್ರೆಮೋನಾದ ಪಿಟೀಲು ಸಂಗ್ರಹಾಲಯದಲ್ಲಿ ಎಲ್ಲರೂ ನೋಡುವಂತೆ ಇವೆ. ಆ ಊರಿನ ಪಿಟೀಲು ತಯಾರಿಕೆಯನ್ನು ಯುನೆಸ್ಕೊ 2012ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಆದ್ದರಿಂದ ಕೀರ್ತಿ ಬೇರೆ, ಬೆಲೆ ಬೇರೆ ಎಂದು ನನಗೆ ಅನ್ನಿಸುತ್ತದೆ. ಕೀರ್ತಿ ಕೆಲಸಕ್ಕೆ ಸಂದದ್ದು, ನ್ಯಾಯವಾದದ್ದು. ಬೆಲೆ ಸಂದಿರುವುದು ವಿರಳತೆಗೆ. ಸ್ಟ್ರಾಡಿವರಿ ಇನ್ನೊಂದು ಪಿಟೀಲು ಮಾಡಿಕೊಡಲಾರ, ಕೊಳ್ಳುವ ಶ್ರೀಮಂತರು ಮಾತ್ರ ಹೆಚ್ಚುತ್ತಿದ್ದಾರೆ. ಇದು ನಿವೇಶನದ ಬೆಲೆ ಏರಿದ ಹಾಗೆ. ಇದರಿಂದ ನಷ್ಟವಾಗುವುದು ವಾದಕರಿಗೆ. ಇಂಥ ಪಿಟೀಲನ್ನು ಸ್ವಂತ ದುಡಿಮೆಯಿಂದ ಕೊಳ್ಳುವುದು ಬಹುಪಾಲು ಸಂಗೀತಗಾರರಿಗೆ ಆಗದ ಮಾತು. ಪ್ರತಿಷ್ಠಾನಗಳು, ಆಸ್ಟ್ರಿಯಾದ ರಾಷ್ಟ್ರೀಯ ಬ್ಯಾಂಕಿನಂಥ ಸಂಸ್ಥೆಗಳು ಕೊಂಡು ಕಡ ಕೊಡುತ್ತವೆ. ಹೆಸರಿಲ್ಲದಿದ್ದರೆ ತನ್ನನ್ನು ಯಾರೂ ಕೇಳರೆಂಬ ಅಳುಕು ಎಳೆಯ ವಾದಕನಿಗೆ. ಎಷ್ಟು ಚೆನ್ನಾಗಿ ಮಾಡಿದರೂ ತನ್ನ ಕೆಲಸ ಎರಡನೆಯದೇ ಎಂಬ ಕೊರಗು ಇಂದಿನ ತಯಾರಕನಿಗೆ.

1713ರ ‘ಗಿಬ್ಸನ್’ ಎಂಬ ಸ್ಟ್ರಾಡಿವರಿಯ ಕತೆ ಇದಕ್ಕೆ ಒಳ್ಳೆಯ ನಿದರ್ಶನ. 1936ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಿಂದ ಅದು ಕಳವಾಯಿತು. ಜೂಲಿಯನ್ ಆಲ್ಟ್‌ಮನ್ ಎಂಬ ಸಾಮಾನ್ಯ ವಾದಕನ ಕೈಯಲ್ಲಿ ಸುಮಾರು ಐವತ್ತು ವರ್ಷ ಇತ್ತು. ಆತ ಅದನ್ನು ಎಲ್ಲರೆದುರೇ ನುಡಿಸುತ್ತಿದ್ದ. 1985ರಲ್ಲಿ ಸಾಯುವ ಮುಂಚೆ ಹೆಂಡತಿಗೆ ನಿಜ ಹೇಳುವ ತನಕ ಅದು ಪತ್ತೆಯಾಗಲಿಲ್ಲ. ಈಗ ಅದು ಜೋಶುವಾ ಬೆಲ್ ಎಂಬ ಪ್ರಸಿದ್ಧ ವಾದಕನ ಬಳಿ ಇದೆ. ಅದೇ ಮರ, ಅದೇ ತಂತಿ. ಹೆಸರು ಅಡಗಿದ್ದಾಗ ಅದು ಹತ್ತರಲ್ಲಿ ಹನ್ನೊಂದಾಗಿತ್ತು, ಹೆಸರು ಹೊರಬಂದಾಗ ಕೋಟಿಯದಾಯಿತು.

ನಮ್ಮ ನಾಡಿನ ಪಿಟೀಲು ಚೌಡಯ್ಯನವರು ಮೈಕು ಇಲ್ಲದ ದಿನಗಳಲ್ಲಿ ನಾದ ಹಿಂದಿನ ಸಾಲಿಗೂ ಮುಟ್ಟಲೆಂದು ಪಿಟೀಲಿಗೆ ಮೂರು ತಂತಿ ಹೆಚ್ಚಿಗೆ ಸೇರಿಸಿ ಏಳು ತಂತಿಯ ವಾದ್ಯ ಮಾಡಿಕೊಂಡರು. ಪ್ಯಾರಿಸ್ಸಿನಲ್ಲಿ ಎದ್ದ ಪ್ರಶ್ನೆಯೇ ತಿರುಮಕೂಡಲಿನಿಂದ ಬಂದ ಈ ವಿದ್ವಾಂಸರಿಗೂ ಎದುರಾಗಿತ್ತು. ವಾದ್ಯದ ಮೇಲೆ ಯಾರ ಹೆಸರಿದೆ ಎಂದು ಕೇಳದೆ, ಕಿವಿಗೆ ಏನು ಬೇಕೆಂದು ಕೇಳಿಕೊಂಡು ಅವರು ಉತ್ತರ ಕಂಡುಕೊಂಡರು.

ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿ ಹೊರಗೆ ಹೋದ ನಮಗೆಲ್ಲ ಈ ಚೀಟಿಯ ವಿಚಾರ ಹೊಸದೇನಲ್ಲ. ನಾನು ಕೆಲಸ ಮಾಡುವ ಸಾಫ್ಟ್‌ವೇರ್ ಕ್ಷೇತ್ರದಲ್ಲೂ ಗಣಕಯಂತ್ರವೇ ಉತ್ತರ ತಿದ್ದುವ ಮೊದಲ ಸುತ್ತಿನಲ್ಲಿ ಎಲ್ಲರೂ ಸಮಾನರು. ಎದುರು ಕುಳಿತು ಮಾತಾಡುವ ಸುತ್ತಿನಲ್ಲಿ ಯಾವ ಶಾಲೆ, ಯಾವ ಕಾಲೇಜು ಎಂಬ ಪ್ರಶ್ನೆ ಮೊದಲು ಬರುತ್ತದೆ. ಐವತ್ತು ವರ್ಷಗಳಿಂದ ನಮ್ಮ ಶಾಲೆಯ ಮೇಷ್ಟರುಗಳು ಚೀಟಿ ನೋಡದೆ ಮರ ನೋಡಿ ಕೆತ್ತಿದ್ದಾರೆ. ಮುಂದೆ ಇಲ್ಲಿಂದ ಹೊರಡುವ ಮಕ್ಕಳು ಹೆಸರಿನ ಮುಂದೆ ಅಳುಕದೆ, ಪರದೆಯ ಹಿಂದೆ ನಿಂತು ನುಡಿಸಿದರೂ ಗೆಲ್ಲುವಷ್ಟು ಚೆನ್ನಾಗಿ ಕಲಿಯಲಿ. ಹಾಗೆಯೇ, ಇನ್ನೊಬ್ಬರನ್ನು ಅಳೆಯುವ ಜಾಗದಲ್ಲಿ ನಾವು ಕುಳಿತ ದಿನ, ಚೀಟಿ ಓದುವ ಮುಂಚೆ ನಾದ ಕೇಳುವ ತಾಳ್ಮೆ ನಮಗೂ ಇರಲಿ.