ಹಿಟ್ಟಿನ ಕೋಳಿಯ ಪಾಪ

ಅಕ್ಕಿಯ ಹಿಟ್ಟನ್ನು ನಾದಿ, ಕೋಳಿಯ ಆಕಾರಕ್ಕೆ ತಿದ್ದಿ, ಬಗೆಬಗೆಯ ಬಣ್ಣ ಬಳಿದು, ದೇವಿಯ ಗುಡಿಯಲ್ಲಿಟ್ಟು, ಅದರ ಕತ್ತನ್ನು ಖಡ್ಗದಿಂದ ತರಿದವನಿಗೆ ಜೀವಹತ್ಯೆಯ ಪಾತಕ ತಟ್ಟುವುದೆ? ಲೋಕದ ಯಾವ ನ್ಯಾಯಸ್ಥಾನವೂ ಇಂಥ ದೂರನ್ನು ಕಿವಿಯ ಮೇಲೆ ಹಾಕಿಕೊಳ್ಳಲಾರದು. ಆದರೆ ಎಂಟನೆಯ ಶತಮಾನದಿಂದ ಮೊದಲುಗೊಂಡು ಹಲವು ನೂರು ವರ್ಷಗಳ ಕಾಲ ಜೈನ ಕವಿಗಳು ಪ್ರಾಕೃತ, ಸಂಸ್ಕೃತ, ಅಪಭ್ರಂಶ, ತಮಿಳು, ಕನ್ನಡ, ಗುಜರಾತಿಗಳಲ್ಲಿ ಈ ಒಂದು ಪ್ರಶ್ನೆಯನ್ನೇ ಮತ್ತೆ ಮತ್ತೆ ಕೈಗೆತ್ತಿಕೊಂಡು, ತಟ್ಟುವುದು, ತಟ್ಟಿಯೇ ತೀರುವುದು ಎಂದು ತೀರ್ಪಿತ್ತರು. ಮನುಷ್ಯನ ಎದೆಯೊಳಗಣ ಕತ್ತಲೆಯನ್ನು ಶೋಧಿಸಿದ ಗ್ರಂಥ ಕನ್ನಡದಲ್ಲಿ ಯಾವುದುಂಟೆಂದು ಯಾರಾದರೂ ಕೇಳಿದರೆ ನಾನು ಅನುಮಾನಿಸದೆ ಮುಂದಿಡುವುದು ಜನ್ನನ ಯಶೋಧರ ಚರಿತೆಯನ್ನು. ಅದು ಹೇಗೆ ಹುಟ್ಟಿತು, ಯಾವ ವಾದವಿವಾದಗಳ ನಡುವೆ ಬೆಳೆದು ಬಂದಿತು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡಬಹುದು.

ಪಶುವಿನ ಸ್ಥಾನದಲ್ಲಿ ಹಿಟ್ಟನ್ನಿಡುವ ಪದ್ಧತಿ ಕವಿಗಳ ಕಲ್ಪನೆಯಲ್ಲ. ಅದು ವೇದಕಾಲದಷ್ಟು ಹಳೆಯದು. ಯಜ್ಞಕ್ಕೆ ಯೋಗ್ಯವಾದ ಸಾರವು ಮೊದಲು ಪುರುಷನಲ್ಲಿದ್ದು, ಆಮೇಲೆ ಕುದುರೆ, ಎತ್ತು, ಕುರಿ, ಆಡುಗಳಿಗೆ ಒಂದೊಂದಾಗಿ ದಾಟಿ, ಕೊನೆಗೆ ಭೂಮಿಯನ್ನು ಹೊಕ್ಕು ಬತ್ತವಾಗಿಯೂ ಜವೆಯಾಗಿಯೂ ಮೊಳೆಯಿತೆಂದು ಶತಪಥ ಬ್ರಾಹ್ಮಣದಲ್ಲಿ ಒಂದು ಕಥೆಯುಂಟು; ಯಜ್ಞದಲ್ಲಿ ಅರ್ಪಿಸುವ ರೊಟ್ಟಿಯಾದ ಪುರೋಡಾಶದ ಹಿಟ್ಟೇ ರೋಮ, ಅದಕ್ಕೆ ಬೆರೆಸಿದ ನೀರೇ ಚರ್ಮ ಎಂದು ಅಲ್ಲಿ ಅಂಗಾಂಗಗಳ ಲೆಕ್ಕವನ್ನೂ ಹೇಳಿದೆ. ಮಾಂಸದ ಬಯಕೆ ತಡೆಯಲಾಗದಿದ್ದರೆ ತುಪ್ಪದ ಪಶುವನ್ನೋ ಹಿಟ್ಟಿನ ಪಶುವನ್ನೋ ಮಾಡಿಕೊಳ್ಳಲಿ, ವೃಥಾ ಪ್ರಾಣಿವಧೆಗೆ ಮನಸ್ಸು ಮಾಡದಿರಲಿ ಎಂಬುದು ಮನುಸ್ಮೃತಿಯ ಅಭಿಪ್ರಾಯ. ಒಟ್ಟಿನಲ್ಲಿ ವೈದಿಕ ಪರಂಪರೆಯ ದೃಷ್ಟಿಗೆ ಹಿಟ್ಟಿನ ಪಶುವು ಕ್ರೌರ್ಯದಿಂದ ಕಾರುಣ್ಯದ ಕಡೆಗೆ ಇಟ್ಟ ಒಂದು ಹೆಜ್ಜೆ.

ಜೈನರ ದಾರಿ ಬೇರೆ. ಅದರಲ್ಲಿ ಒಂದು ವಿಚಿತ್ರವಾದ ತಿರುವೂ ಇದೆ. ಪಾಲಿ ಭಾಷೆಯ ಬೌದ್ಧ ಗ್ರಂಥವಾದ ಉಪಾಲಿ ಸೂತ್ರದಲ್ಲಿ, ಕಾಯದಿಂದ ಮಾಡಿದ ಕರ್ಮವೇ ಘೋರವೆಂದು ನಿಗ್ಗಂಠರೂ, ಎಂದರೆ ಜೈನರೂ, ಮನಸ್ಸಿನಿಂದ ಮಾಡಿದ್ದೇ ಘೋರವೆಂದು ಬುದ್ಧನೂ ವಾದಿಸಿದಂತೆ ವರ್ಣಿತವಾಗಿದೆ. ಜೈನರು ಸುಮ್ಮನಿರಲಿಲ್ಲ. ಅವರ ಪ್ರಾಚೀನ ಆಗಮವಾದ ಸೂತ್ರಕೃತಾಂಗದಲ್ಲಿ ಆರ್ದ್ರಕನೆಂಬ ಜೈನ ಮುನಿಯ ಎದುರಿಗೆ ಒಬ್ಬ ಬೌದ್ಧನನ್ನು ತಂದು ನಿಲ್ಲಿಸಿ, ಸೋರೆಕಾಯನ್ನು ಶಿಶುವೆಂದು ಭಾವಿಸಿ ಸುಟ್ಟವನು ಕೊಲೆಗಾರನು, ಶಿಶುವನ್ನು ಸೋರೆಕಾಯೆಂದು ಭ್ರಮಿಸಿ ಸುಟ್ಟವನು ನಿರ್ದೋಷಿ ಎಂದು ಅವನ ಬಾಯಿಂದ ಹೇಳಿಸಿ, ಆರ್ದ್ರಕನಿಂದ ಅದನ್ನು ಖಂಡಿಸಿದ್ದಾರೆ. ಅಂದು ಸೋರೆಕಾಯ ಕೊಲೆಯನ್ನು ಹಾಸ್ಯ ಮಾಡಿದ ಸಂಪ್ರದಾಯವೇ ಮುಂದೆ ಹಿಟ್ಟಿನ ಕೋಳಿಯ ಕೊಲೆಯನ್ನು ತನ್ನ ಅತ್ಯಂತ ಜನಪ್ರಿಯವಾದ ಕಥೆಯನ್ನಾಗಿ ಮಾಡಿಕೊಂಡಿತು! ಇದಕ್ಕೆ ತಾತ್ವಿಕ ಸಮಾಧಾನವಿಲ್ಲದೆ ಇಲ್ಲ. ರಾಗದ್ವೇಷಗಳು ಮೂಡಿದ ಕ್ಷಣದಲ್ಲಿಯೇ ಹಿಂಸೆಯಾಯಿತು, ಪ್ರಾಣಿ ಸಾಯಲಿ ಬಿಡಲಿ, ಎಂದು ಅಮೃತಚಂದ್ರಸೂರಿಯಂಥ ಆಚಾರ್ಯರು ಸ್ಪಷ್ಟವಾಗಿ ಸಾರಿದ್ದಾರೆ; ಹೊರಗೆ ನಡೆಯುವ ದ್ರವ್ಯಹಿಂಸೆ, ಮನಸ್ಸಿನಲ್ಲಿ ನಡೆಯುವ ಭಾವಹಿಂಸೆ ಎಂಬ ವಿಭಾಗವನ್ನೂ ಮಾಡಿದ್ದಾರೆ. ಆದರೂ ವಾದದಲ್ಲಿ ಎದುರಾಳಿಯ ಮಾತಿನಲ್ಲಿದ್ದ ಸತ್ಯಾಂಶವನ್ನು ಜೀರ್ಣಿಸಿಕೊಂಡು ತನ್ನದನ್ನಾಗಿ ಮಾಡಿಕೊಳ್ಳುವ ಶಕ್ತಿ ಮತಗಳಿಗೆ ಉಂಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣದು.

ಹರಿಭದ್ರನ ಪ್ರಾಕೃತ ಸಮರಾಇಚ್ಚಕಹೆಯಲ್ಲಿ ಹಿಟ್ಟಿನ ಕೋಳಿಯ ಈ ಕಥೆ ಬರುತ್ತದೆ. ಅಲ್ಲಿ ರಾಜರಾಣಿಯರ ಹೆಸರುಗಳೇ ಬೇರೆ. ಅನಂತರ ಅದು ಕೊಬ್ಬಿ ಬೆಳೆದುದು ಕನ್ನಡದ ಅರಸರು ಆಳಿದ ನೆಲದಲ್ಲಿ. ಸೋಮದೇವಸೂರಿ ತನ್ನ ಯಶಸ್ತಿಲಕ ಚಂಪುವನ್ನು 959ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನು ಮೇಲ್ಪಾಟಿಯಲ್ಲಿ ಬೀಡುಬಿಟ್ಟಿದ್ದಾಗ, ಅವನ ಸಾಮಂತರಾದ ವೇಮುಲವಾಡದ ಚಾಳುಕ್ಯರ ಗಂಗಾಧಾರೆಯಲ್ಲಿ ಮುಗಿಸಿದನು. ಎಂಟು ಆಶ್ವಾಸಗಳ ಆ ಮಹಾಗ್ರಂಥದಲ್ಲಿ ಕಡೆಯ ಮೂರು ಶ್ರಾವಕಾಚಾರದ, ಎಂದರೆ ಜೈನ ಗೃಹಸ್ಥರ ನಡವಳಿಕೆಯ, ಬೋಧೆಗೇ ಮೀಸಲಾಗಿ ಹೋಗಿವೆ. ಕಥೆಗೆ ಅದರಿಂದ ಲಾಭವಾಯಿತೆಂದು ಹೇಳಲಾರೆ. ಪುಷ್ಪದಂತನು ಮಾನ್ಯಖೇಟದಲ್ಲಿ, ಮಂತ್ರಿ ನನ್ನನ ಆಶ್ರಯದಲ್ಲಿ, ಇದನ್ನೇ ಅಪಭ್ರಂಶದಲ್ಲಿ ಜಸಹರಚರಿಉ ಎಂದು ಹಾಡಿದನು. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದ ವಾದಿರಾಜನು ನಾಲ್ಕು ಸರ್ಗಗಳಲ್ಲಿ ಸಂಗ್ರಹಿಸಿದ ಸಂಸ್ಕೃತ ಕಾವ್ಯವೇ ಜನ್ನನಿಗೆ ಮಾತೃಕೆ.

ಜನ್ನನು ಹೊಯ್ಸಳ ವೀರಬಲ್ಲಾಳನ ಆಸ್ಥಾನದವನು. ಶಬ್ದಮಣಿದರ್ಪಣದ ಕೇಶಿರಾಜನಿಗೆ ಸೋದರಮಾವನು. ತರೀಕೆರೆಯ ಬಳಿಯ ಅಮೃತಾಪುರದ ಶಿವಾಲಯದ ಶಾಸನವನ್ನು ರಚಿಸಿದವನು ಈ ಜೈನ ಕವಿಯೇ ಎಂಬುದು ಆ ಕಾಲದ ಸೌಹಾರ್ದಕ್ಕೆ ಸಾಕ್ಷಿ. ಯಶೋಧರ ಚರಿತೆಯನ್ನು ಅವನು ಮುಗಿಸಿದ್ದು 1209ರಲ್ಲಿ. ಅವತಾರಗಳೆಂಬ ನಾಲ್ಕು ಅಧ್ಯಾಯಗಳು, ಮುನ್ನೂರಕ್ಕೆ ತುಸು ಮೀರಿದ ಪದ್ಯಗಳು, ಅವುಗಳಲ್ಲಿ ಬಹುಪಾಲು ಕಂದಗಳೇ. ಜೀವದಯಾಷ್ಟಮಿಯ ನೋಂಪಿಯೆಂಬ ವ್ರತದಲ್ಲಿ ಉಪವಾಸ ಮುಗಿಸಿ ಪಾರಣೆಗೆ ಕೂಡುವ ಶ್ರಾವಕಶ್ರಾವಿಕೆಯರು ಕೇಳಬೇಕಾದ ಕಥೆಯೆಂದೇ ಇದು ಹುಟ್ಟಿತು. ಹಸಿದ ಹೊಟ್ಟೆಯವರಿಗೆ ಓದಿ ಹೇಳುವ ಕಾವ್ಯ ಉದ್ದವಾಗಿರಬಾರದೆಂಬ ಲೌಕಿಕ ವಿವೇಕವೂ ಅದರ ಮಿತಿಗೆ ಕಾರಣವಾಗಿದ್ದಿತೋ ಏನೋ.

ಕಥೆ ಇಷ್ಟು. ರಾಜಪುರದ ಮಾರಿದತ್ತನು ಚಂಡಮಾರಿಗೆ ನರಬಲಿ ಕೊಡಲೆಂದು ಹಿಡಿತರಿಸಿದ ಎಳೆಯ ಯತಿಗಳಿಬ್ಬರು, ಅಭಯರುಚಿ ಮತ್ತು ಅಭಯಮತಿ, ಕತ್ತಿಯೆದುರು ನಗುತ್ತ ನಿಲ್ಲುತ್ತಾರೆ. ಕಾರಣ ಕೇಳಿದಾಗ ಅಣ್ಣನು ತಮ್ಮ ಪೂರ್ವಜನ್ಮಗಳನ್ನು ಹೇಳುತ್ತಾನೆ. ಹಿಂದೆ ಅವನು ಉಜ್ಜಯಿನಿಯ ಯಶೋಧರ ರಾಜ. ಇಂದಿನ ತಂಗಿ ಅಂದು ಅವನ ತಾಯಿ ಚಂದ್ರಮತಿ. ರಾಣಿ ಅಮೃತಮತಿ ಒಂದು ರಾತ್ರಿ, ಗಂಡನ ಪಕ್ಕದಲ್ಲಿ ಮಲಗಿರುವಾಗ, ಆನೆಯ ಮಾವುತನೊಬ್ಬನ ಹಾಡನ್ನು ಕೇಳಿ ಮನಸೋಲುತ್ತಾಳೆ. ನೋಡಿಬರಲು ಹೋದ ದೂತಿ ಅವನ ವಿಕಾರವಾದ ರೂಪವನ್ನು ಅಸಹ್ಯಪಟ್ಟು ವರ್ಣಿಸಿದರೂ ರಾಣಿಯ ಮನಸ್ಸು ಕದಲುವುದಿಲ್ಲ. ಅವಳು ಮಾವುತನಲ್ಲಿಗೆ ಹೋಗುತ್ತಾಳೆ; ತಡವಾಗಿ ಬಂದಳೆಂದು ಅವನು ಜಡೆ ಹಿಡಿದೆಳೆದು ಬಡಿಯುತ್ತಾನೆ. ಅವಳು ಅದನ್ನೂ ಸಹಿಸಿ ಬೇಡಿಕೊಳ್ಳುತ್ತಾಳೆ. ಕತ್ತಲಲ್ಲಿ ನಿಂತು ಇದನ್ನೆಲ್ಲ ಕಂಡ ಯಶೋಧರನು ಕತ್ತಿಯನ್ನೆತ್ತಿ, ಇಂಥವರ ಮೇಲೆ ಅದನ್ನು ಬೀಸುವುದು ತನಗೆ ತಕ್ಕುದಲ್ಲವೆಂದು ಹಿಂದೆಗೆಯುತ್ತಾನೆ. ಬೆಳಗಾದ ಮೇಲೆ ಸರಸಕ್ಕೆಂಬಂತೆ ಒಂದು ಹೂವಿನಿಂದ ಅವಳನ್ನು ಹೊಡೆಯುತ್ತಾನೆ; ರಾತ್ರಿಯ ಪೆಟ್ಟುಗಳನ್ನು ತಾಳಿದವಳು ಹೂವಿನ ಪೆಟ್ಟಿಗೆ ಮೂರ್ಛೆ ಹೋಗುತ್ತಾಳೆ. ಕನ್ನಡದಲ್ಲಿ ವ್ಯಂಗ್ಯವೆಂಬುದು ಇಷ್ಟು ತಣ್ಣಗೆ, ಇಷ್ಟು ಹರಿತವಾಗಿ ಕೆಲಸಮಾಡಿದ ಸನ್ನಿವೇಶ ಮತ್ತೊಂದಿಲ್ಲ.

ಅಮೃತಮತಿಯ ಮನಸ್ಸು ಏಕೆ ಹಾಗಾಯಿತು? ಜನ್ನನು ಸ್ತ್ರೀನಿಂದೆಯ ಮಾತುಗಳನ್ನು ಸಂಪ್ರದಾಯಕ್ಕೆ ಸಲ್ಲುವಷ್ಟು ಆಡಿಸಿದ್ದಾನೆ. ಆದರೆ ಅವು ಕಾರಣವನ್ನು ಹೇಳುವುದಿಲ್ಲ, ಹೇಳುವಂತೆ ನಟಿಸುತ್ತವೆ ಅಷ್ಟೆ. ರೂಪವಂತನೂ ಪ್ರೇಮಿಯೂ ಆದ ಅರಸನನ್ನು ಬಿಟ್ಟು ಆ ಕುರೂಪಿಯ ಕಾಲಿಗೆ ಬಿದ್ದುದರ ರಹಸ್ಯವನ್ನು ಬಿಡಿಸದೆಯೇ ಅವನು ಮುಂದೆ ಸಾಗುತ್ತಾನೆ. ಹಾಗೆ ಬಿಡಿಸದೆ ಬಿಟ್ಟದ್ದೇ ಒಳ್ಳೆಯದಾಯಿತು.

ವಿಮರ್ಶಕರು ಬಹುಮಟ್ಟಿಗೆ ಈ ರಾತ್ರಿಯ ಪ್ರಸಂಗದಲ್ಲಿಯೇ ನಿಂತುಬಿಡುತ್ತಾರೆ. ಕಾವ್ಯದ ಕೇಂದ್ರವಿರುವುದು ಮರುದಿನದ ಬೆಳಗಿನಲ್ಲಿ. ಕಂಡ ಸತ್ಯವನ್ನು ತಾಯಿಗೆ ಹೇಳಲಾರದೆ ಯಶೋಧರನು ಕೆಟ್ಟ ಕನಸು ಕಂಡೆನೆಂದು ಮರೆಮಾಚುತ್ತಾನೆ, ತಾಯಿ ಅದಕ್ಕೆ ಶಾಂತಿಯಾಗಿ ದೇವಿಗೆ ಬಲಿ ಕೊಡೆನ್ನುತ್ತಾಳೆ, ಅವನು ಒಲ್ಲೆನೆನ್ನುತ್ತಾನೆ, ಅವಳು ಹಟ ಹಿಡಿಯುತ್ತಾಳೆ, ಕಡೆಗೆ ಇಬ್ಬರ ಮಾತೂ ಉಳಿಯುವಂತೆ ಹಿಟ್ಟಿನ ಕೋಳಿಯೊಂದನ್ನು ಮಾಡಿಸುತ್ತಾರೆ. ಕತ್ತಿ ಬಿದ್ದೊಡನೆ ಕೋಳಿ ಕೂಗುತ್ತದೆ. ಅದರ ಚೆಲುವಿಗೆ ಮರುಳಾದ ಬೆಂತರವೊಂದು ಒಳಗೆ ಸೇರಿಕೊಂಡಿತ್ತಂತೆ. ಇಲ್ಲಿ ದುಷ್ಟನಾರು? ಮಗನ ಒಳಿತನ್ನು ಬಯಸಿದ ತಾಯಿಯೆ? ತಾಯಿಯ ಮನಸ್ಸನ್ನು ನೋಯಿಸಲಾರದ ಮಗನೆ? ಒಂದು ಸಣ್ಣ ಸುಳ್ಳು, ಒಂದು ದಾಕ್ಷಿಣ್ಯ, ಒಂದು ಒಪ್ಪಂದ ಇವುಗಳಿಂದಲೇ ಪಾಪವು ಒಳನುಗ್ಗಿತೆಂಬುದು ಈ ಕಾವ್ಯದ ಭಯಂಕರವಾದ ದರ್ಶನ. ರಾತ್ರಿ ಕೋಪದಲ್ಲಿ ಕೊಲ್ಲದೆ ಬಿಟ್ಟವನು ಹಗಲು ಸೌಜನ್ಯದಿಂದ ಕೊಂದನು.

ದಂಡನೆಯಂತೂ ಅಪರಾಧಕ್ಕೆ ಮೀರಿದ್ದೆಂದು ಇಂದಿನ ಓದುಗನಿಗೆ ತೋರಿದರೆ ತಪ್ಪೇನೂ ಇಲ್ಲ. ಅಮೃತಮತಿ ವಿಷವಿಕ್ಕಿ ಇಬ್ಬರನ್ನೂ ಕೊಲ್ಲುತ್ತಾಳೆ. ಅವರು ನವಿಲು ನಾಯಿಗಳಾಗಿ, ಮೀನು ಮೊಸಳೆಗಳಾಗಿ, ಆಡು ಕೋಣಗಳಾಗಿ, ಕಡೆಗೆ ನಿಜವಾದ ಕೋಳಿಗಳಾಗಿಯೇ ಹುಟ್ಟಿ, ತಮ್ಮ ವಂಶದವರ ಮನೆಯಂಗಳದಲ್ಲಿಯೇ ಮತ್ತೆ ಮತ್ತೆ ಸಾಯುತ್ತಾರೆ. ಮೀನಾದ ಯಶೋಧರನು ತನ್ನದೇ ಶ್ರಾದ್ಧದ ಅಡುಗೆಗೆ ಬೇಯುತ್ತಾನೆ. ಇದು ನೋಂಪಿಯ ಬೋಧೆಯ ಭಾಗ. ಇಲ್ಲಿ ಕವಿಗಿಂತ ಮತಬೋಧಕನ ಕೈಯೇ ಮೇಲಾಗಿದೆ. ಇದನ್ನೆಲ್ಲ ಕೇಳಿದ ಮಾರಿದತ್ತನು ಮನಸ್ಸು ತಿರುಗಿ ಬಲಿಯನ್ನು ನಿಲ್ಲಿಸುವಲ್ಲಿಗೆ ಕಥೆ ಮುಗಿಯುತ್ತದೆ.

ಜನ್ನನು ಈ ಕಾವ್ಯವನ್ನು ಬರೆದ ಅದೇ ಶತಮಾನದಲ್ಲಿ ಉಡುಪಿಯ ಕಡೆ ಅವತರಿಸಿದ ಮಧ್ವಾಚಾರ್ಯರ ಪರಂಪರೆ ಯಜ್ಞದಲ್ಲಿ ಪಿಷ್ಟಪಶುವನ್ನೇ, ಎಂದರೆ ಹಿಟ್ಟಿನ ಪಶುವನ್ನೇ, ಎತ್ತಿಹಿಡಿಯಿತು. ಒಂದೇ ಕನ್ನಡ ನಾಡು, ಒಂದೇ ಅಕ್ಕಿಹಿಟ್ಟು. ಒಬ್ಬರಿಗೆ ಅದು ಹಿಂಸೆಯಿಂದ ಬಿಡುಗಡೆ, ಮತ್ತೊಬ್ಬರಿಗೆ ಅದೇ ಹಿಂಸೆ. ಲೋಕಾಚಾರದಲ್ಲಿ ಗೆದ್ದುದು ಮೊದಲನೆಯ ದೃಷ್ಟಿಯೇ ಎಂಬುದನ್ನು ಆಯುಧಪೂಜೆಯ ದಿನ ಯಾವ ಬೀದಿಯಲ್ಲಿ ಬೇಕಾದರೂ ನೋಡಬಹುದು: ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮ ತುಂಬಿ ನೆಲಕ್ಕಪ್ಪಳಿಸುವವರಾಗಲಿ, ಅರಿಸಿನ ಸುಣ್ಣ ಕಲಸಿದ ಕೆಂಪು ನೀರನ್ನು ಚೆಲ್ಲುವವರಾಗಲಿ ತಾವು ಯಾವುದರ ಪ್ರತಿನಿಧಿಯನ್ನು ಒಡೆಯುತ್ತಿದ್ದೇವೆಂದು ಚಿಂತಿಸುವುದಿಲ್ಲ. ಅವರನ್ನು ಜನ್ನನ ನ್ಯಾಯಸ್ಥಾನಕ್ಕೆ ಎಳೆಯುವ ಉದ್ದೇಶ ನನ್ನದಲ್ಲ. ಸಾಕ್ಷಾತ್ ಕೋಣನನ್ನು ಕಡಿಯುವುದಕ್ಕಿಂತ ಕುಂಬಳವನ್ನೊಡೆಯುವುದು ಸಾವಿರ ಪಾಲು ಮೇಲು.

ಜನ್ನನಿಗೆ ಈ ವಿಷಯ ಒಂದು ಕಾವ್ಯದಿಂದ ತೀರಲಿಲ್ಲ. 1230ರ ಅನಂತನಾಥ ಪುರಾಣದಲ್ಲಿ ಚಂಡಶಾಸನನು ಮಿತ್ರನ ಮಡದಿ ಸುನಂದೆಯನ್ನು ಕದ್ದೊಯ್ದು, ಅವಳ ಗಂಡನದೆಂದು ಮಾಯೆಯ ತಲೆಯೊಂದನ್ನು ತೋರಿಸಿ, ಅವಳು ಅದನ್ನು ಕಂಡು ಪ್ರಾಣ ಬಿಡಲು, ತಾನೂ ಅವಳ ಶವದೊಡನೆ ಚಿತೆಗೆ ಬೀಳುತ್ತಾನೆ. ಇಲ್ಲಿಯೂ ಸುಳ್ಳು ತಲೆಯಿಂದ ಆದದ್ದು ನಿಜವಾದ ಕೊಲೆ. ನಮ್ಮ ಕಾಲದಲ್ಲಿ ಗಿರೀಶ ಕಾರ್ನಾಡರು ಹಿಟ್ಟಿನ ಹುಂಜ ನಾಟಕದಲ್ಲಿ ಯಶೋಧರನ ಕಥೆಯನ್ನು ರಂಗಕ್ಕೆ ತಂದು ರಾಣಿಯ ಪಕ್ಷಕ್ಕೂ ನಾಲಿಗೆ ಕೊಟ್ಟರು. ನಾಟಕವನ್ನು ಓದಿದವರು, ನೋಡಿದವರು ಅನೇಕರಿದ್ದಾರೆ. ಮೂಲಕ್ಕೆ ಹೋದವರು ವಿರಳ. ಹಳಗನ್ನಡವೆಂದು ಅಂಜಬೇಕಾದುದಿಲ್ಲ; ಜನ್ನನ ಕಂದಗಳು ಒಳ್ಳೆಯ ಟಿಪ್ಪಣಿಯೊಂದಿಗೆ ಯಾರಿಗಾದರೂ ವಶವಾಗುತ್ತವೆ. ವಾಚಕರು ಎರಡು ಸಂಜೆಗಳನ್ನು ಅದಕ್ಕೆ ಮುಡಿಪಿಟ್ಟು, ಮಾವುತನ ಹಾಡಿನ ಬಳಿ ನಿಂತುಬಿಡದೆ, ತಾಯಿ ಮಗನ ಸಂವಾದದವರೆಗೂ ನಡೆದುಬರಬೇಕೆಂದು ನನ್ನ ವಿಜ್ಞಾಪನೆ.