ನೂರಕ್ಕೆ ಎಷ್ಟು, ಯಾವ ನೂರಕ್ಕೆ?

ಉರ್ದು ಪಾಠದಲ್ಲಿ ನಾವು ಕಲಿತದ್ದು 'ಫೀಸದಿ'. ಕನ್ನಡ ಪಾಠಕ್ಕೆ ಬಂದಾಗ ಅದೇ ಲೆಕ್ಕ 'ಶೇಕಡಾ' ಆಯಿತು. ಪಾರಸಿಯ 'ಸದ್' ಎಂದರೆ ನೂರು. ಭಾಷೆ ಯಾವುದಾದರೂ ಪ್ರಶ್ನೆ ಒಂದೇ: ನೂರಕ್ಕೆ ಎಷ್ಟು? ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯಿದೆ. ಯಾವುದರ ನೂರಕ್ಕೆ? ಅದನ್ನು ಕೇಳಲು ಮರೆತವನು ಮೋಸ ಹೋಗುತ್ತಾನೆ. ಕೊಪ್ಪಳ ಜಿಲ್ಲೆಯ ನವಲಿಯ ಹೆಸರು ಇಂದು ಈ ಎರಡನೇ ಪ್ರಶ್ನೆಯ ಜೊತೆ ತಳುಕು ಹಾಕಿಕೊಂಡಿದೆ.

1945ರ ಫೆಬ್ರವರಿ 28ರಂದು ತುಂಗಭದ್ರೆಯ ಎಡದಂಡೆಯಲ್ಲಿ ನಿಜಾಮರ ಪರವಾಗಿ ಬೇರಾರಿನ ರಾಜಕುಮಾರರು, ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್ ಅಣೆಕಟ್ಟೆಗೆ ಅಡಿಗಲ್ಲಿಟ್ಟರು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಒಂದೇ ನದಿ, ಪಾಲುದಾರರು ಇಬ್ಬರು. ಹಾಗಾಗಿ ಅನುಪಾತದ ಲೆಕ್ಕ ಹುಟ್ಟಿನಿಂದಲೇ ಅಂಟಿಕೊಂಡು ಬಂತು.

ಬಚಾವತ್ ನ್ಯಾಯಮಂಡಳಿಯ ತೀರ್ಪಿನಂತೆ ಈ ಜಲಾಶಯದ 212 ಟಿಎಂಸಿ ನೀರಿನಲ್ಲಿ ಕರ್ನಾಟಕಕ್ಕೆ 138.99, ಅಂದಿನ ಆಂಧ್ರಪ್ರದೇಶಕ್ಕೆ 73.01. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಪಾಲನ್ನು ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಮ್ಮದು ಶೇಕಡಾ 65.56, ಅವರದು 34.44. ಒಂದು ವರ್ಷ ಐದರಲ್ಲೊಂದು ಭಾಗ ನೀರು ಕಡಿಮೆ ಸಿಕ್ಕಿತೆನ್ನಿ. ನಮ್ಮ ಪಾಲು ಆಗಲೂ ಶೇಕಡಾ 65.56. ಕಾಗದದಲ್ಲಿ ಚುಕ್ಕೆಯೂ ಕದಲಲಿಲ್ಲ. ಆದರೆ ಕೈಗೆ ಬಂದದ್ದು ಸುಮಾರು 111 ಟಿಎಂಸಿ, 28 ಹೋಯಿತು!

ಇನ್ನು ಹೂಳಿನ ಲೆಕ್ಕ. ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ, 2016ರ ಸಮೀಕ್ಷೆಯಂತೆ 105.79 ಹಿಡಿಯುತ್ತದೆ. ಹೋದದ್ದು 27 ಟಿಎಂಸಿಗೂ ಮಿಗಿಲು. ಇಳಿಕೆಯನ್ನು ಹಳೆಯ ಅಳತೆಯಿಂದ ಭಾಗಿಸಬೇಕು: ಶೇಕಡಾ 20ರಷ್ಟು. ಹಾಗಾದರೆ ಶೇಕಡಾ 20 ಸೇರಿಸಿದರೆ ಮೊದಲಿನಷ್ಟಾಗುವುದೇ? ಆಗದು. ಈಗ ಭಾಗಿಸಬೇಕಾದದ್ದು 105.79ರಿಂದ, ಬೇಕಾದ ಏರಿಕೆ ಶೇಕಡಾ 26ರಷ್ಟು. ಐದು ಸೇರು ಜೋಳದಲ್ಲಿ ಒಂದು ಸೇರು ಚೆಲ್ಲಿದರೆ ನಷ್ಟ ಶೇಕಡಾ 20. ಉಳಿದ ನಾಲ್ಕು ಸೇರಿನ ಮೇಲೆ ಆ ಒಂದು ಸೇರು ತುಂಬಬೇಕಾದರೆ ಶೇಕಡಾ 25. ಕಳೆದುಕೊಳ್ಳುವುದು ಸುಲಭ, ಮರಳಿ ಪಡೆಯುವುದು ಕಷ್ಟ ಎಂಬುದನ್ನು ಗಣಿತವೂ ಒಪ್ಪುತ್ತದೆ.

ಹೂಳು ನುಂಗಿದ ಈ ನೀರನ್ನು ಬೇರೆಡೆ ಹಿಡಿದಿಡಲೆಂದೇ ನವಲಿಯ ಬಳಿ ಸಮತೋಲನ ಜಲಾಶಯದ ಪ್ರಸ್ತಾಪ ಬಂದದ್ದು. ಅದಕ್ಕೆ ನೆರೆಯ ಆಂಧ್ರ, ತೆಲಂಗಾಣಗಳ ಒಪ್ಪಿಗೆಯೂ ಬೇಕು. ಕಟ್ಟಿದರೆ ನವಲಿಯ ಸುತ್ತಲಿನವರ ಭೂಮಿ ಮುಳುಗುತ್ತದೆ; ಕಟ್ಟದಿದ್ದರೆ ಕಾಲುವೆಯ ಕೊನೆಯವರ ಎರಡನೇ ಬೆಳೆ ಒಣಗುತ್ತದೆ. ಸರಾಸರಿಯಲ್ಲಿ ಶೇಕಡಾ 20 ಕಡಿತವೆಂದರೂ ಕಾಲುವೆಯ ಕಟ್ಟಕಡೆಯ ಹೊಲಕ್ಕೆ ಅದು ಶೇಕಡಾ 100 ಆಗಬಹುದು. ಭೂಮಿ ಕೊಡುವವನಿಗೂ ಅಷ್ಟೆ. ಜಿಲ್ಲೆಯ ಲೆಕ್ಕದಲ್ಲಿ ಅವನ ನಾಲ್ಕು ಎಕರೆ ಶೇಕಡಾ ಸೊನ್ನೆಗೆ ಸಮ, ಅವನ ಲೆಕ್ಕದಲ್ಲಿ ಪೂರ್ತಿ ನೂರು.

ಆದುದರಿಂದ ಯಾರಾದರೂ ಶೇಕಡಾವಾರು ಹೇಳಿದಾಗ ನಾವು ಮೊದಲು ಕೇಳಬೇಕಾದದ್ದು ಇಷ್ಟೆ: ಯಾರ ನೂರಕ್ಕೆ?